ಮರೆವ್ವನ ಹರವಿಯ ಮುಚ್ಚಳ

ಮರೆವ್ವನ ಕೆಲಸ ಹೋದದ್ದು ನಾನು ಬರೆದ ಅರ್ಜಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಯಾರ ಯಾರ ಮೇಲೋ ಸಿಟ್ಟು ಮಾಡಿಕೊಂಡು ಬರೆಯುವುದಿದೆ. ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿಕೊಂಡೇ ಓದಬೇಕು.

ಯರಗಟ್ಟಿಯಿಂದ ಸವದತ್ತಿಯ ಬಸ್ಸು ಹಿಡಿದು, ನಡುವೆ ಇಳಿದು, ಗೋವಿನಜೋಳದ ಹೊಲಗಳ ಬದಿಗೆ ಅರ್ಧ ತಾಸು ನಡೆದರೆ ನಮ್ಮೂರು. ಊರ ಹೊರಗಿನ ದಿನ್ನೆಯ ಮೇಲೆ ನೀರು ಶುದ್ಧೀಕರಿಸುವ ಘಟಕವಿದೆ. ಜನ ಅದನ್ನು ಬರೀ ‘ಫಿಲ್ಟರ್’ ಎನ್ನುತ್ತಾರೆ. ನವಿಲುತೀರ್ಥದ ಕಡೆಯಿಂದ ಪೈಪಿನಲ್ಲಿ ಬರುವ ಮಲಪ್ರಭೆಯ ನೀರನ್ನು ಅಲ್ಲಿ ಸೋಸಿ, ಬ್ಲೀಚಿಂಗ್ ಬೆರೆಸಿ, ಸುತ್ತಲಿನ ಒಂಬತ್ತು ಹಳ್ಳಿಗಳಿಗೆ ಬಿಡುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಓದಿ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದು ನಾಲ್ಕು ವರ್ಷ. ಮಗಳಿಗೆ ಆಗ ಹದಿನಾಲ್ಕು ತಿಂಗಳು.

ಹೋದ ಶ್ರಾವಣದಲ್ಲಿ ಮಗಳ ನೀರಿನ ಬಾಟಲಿಯ ತಳದಲ್ಲಿ ಚಹಾಪುಡಿಯಂಥ ಕಂದು ಕಣಗಳು ಕಂಡವು. ನನಗೆ ಮೊದಲೇ ಹೆದರಿಕೆ ಜಾಸ್ತಿ. ಕೂಸು ಎರಡು ಸಲ ಸೀನಿದರೆ ಮೂರನೆಯದಕ್ಕೆ ಕಾಯದೆ ಡಾಕ್ಟರಿಗೆ ಫೋನು ಹಚ್ಚುವವಳು. ನೀರು ಕುದಿಸಿದೆ, ಕಣಗಳು ಹಾಗೇ ಇದ್ದವು. ಬಿಳಿ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ನಳಕ್ಕೆ ಕಟ್ಟಿದೆ. ಮೂರನೆಯ ದಿನಕ್ಕೆ ಬಟ್ಟೆಯ ಮೇಲೆ ತುಕ್ಕಿನ ಉಂಗುರ ಮೂಡಿತು. ಅತ್ತೆ ಪದ್ಮವ್ವ ಅದನ್ನು ನೋಡಿ, ಕಬ್ಬಿಣ ಹೊಟ್ಟೆಗೆ ಹೋದರೆ ರಕ್ತವಾಗುತ್ತದೆ, ದವಾಖಾನೆಯವರು ಅದನ್ನೇ ಗುಳಿಗೆ ಮಾಡಿ ಕೊಡುತ್ತಾರೆ, ನಮಗೆ ನಳದಲ್ಲೇ ಬಂದಿದೆ ಎಂದರು. ನನಗೆ ನಗು ಬರಲಿಲ್ಲ.

ಮಗಳನ್ನು ಸೊಂಟದ ಮೇಲೆ ಹೊತ್ತು ಫಿಲ್ಟರಿಗೆ ಹೋದೆ. ಎರಡು ವರ್ಷದ ಹಿಂದೆ ಉದ್ಘಾಟನೆಯ ದಿನ ಅಲ್ಲಿಯ ಹೊಸ ಸ್ಟೀಲ್ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಹುಡುಗಿಯರು ಮುಡಿಯ ಹೂವು ಸರಿಮಾಡಿಕೊಂಡಿದ್ದರು. ಈಗ ಅದರ ಬೆಸುಗೆ ಬೆಸುಗೆಯಿಂದಲೂ ಕಂದು ಗೆರೆಗಳು ಇಳಿದಿದ್ದವು, ಎಲೆ ಅಡಿಕೆ ಹಾಕಿದವರು ಗೋಡೆಗೆ ಉಗುಳಿದ ಹಾಗೆ. ಬದಿಯಲ್ಲಿ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಬಕೀಟಿನಲ್ಲಿ ಏನೋ ಕಲಕುತ್ತಿದ್ದಳು. ಮೊಣಕೈವರೆಗೆ ಚರ್ಮ ಬಿಳಿಚಿ ಒಡೆದಿತ್ತು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯಿತು. ನಾನು ಆ ಕೈ ನೋಡಿದೆ, ಟ್ಯಾಂಕು ನೋಡಿದೆ, ಎರಡನ್ನೂ ಮನಸ್ಸಿನಲ್ಲೇ ಜೋಡಿಸಿಬಿಟ್ಟೆ. ಆಕೆಯನ್ನು ಒಂದು ಮಾತು ಕೇಳಲಿಲ್ಲ.

ಮನೆಗೆ ಬಂದು ಎರಡು ಪುಟದ ಅರ್ಜಿ ಬರೆದೆ. ಚೆನ್ನಾಗಿ ಬರೆಯುತ್ತೇನೆ ಎಂಬ ಹಮ್ಮು ಬೇರೆ. ‘ಸದರಿ ಘಟಕದ ಕೆಲಸಗಾರ್ತಿಯು ಬ್ಲೀಚಿಂಗ್ ಪುಡಿಯನ್ನು ಮನಬಂದಂತೆ ಟ್ಯಾಂಕಿಗೆ ಸುರಿಯುತ್ತಿರುವುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ’ ಎಂಬ ಸಾಲನ್ನು ಸೇರಿಸಿದೆ. ಕಂಡಿರಲಿಲ್ಲ. ಕಂಡದ್ದು ಬಕೀಟಿನಲ್ಲಿ ಕಲಕಿದ್ದು ಮಾತ್ರ. ಆದರೆ ಅರ್ಜಿಗೆ ಒಂದು ತೂಕ ಬೇಕಲ್ಲ, ಕಣ್ಣಾರೆ ಕಂಡೆ ಎಂದರೆ ಅಧಿಕಾರಿಗಳು ಎದ್ದು ಕೂರುತ್ತಾರೆ ಎಂದುಕೊಂಡೆ. ಎದ್ದು ಕೂತರು. ನಮ್ಮ ಕಡೆ ಕಚೇರಿಯ ಕಾಗದವೊಂದು ಅಷ್ಟು ಬೇಗ ಚಲಿಸಿದ್ದನ್ನು ನಾನು ನೋಡಿಲ್ಲ. ಹನ್ನೊಂದನೆಯ ದಿನ ನೋಟೀಸು ಕೈಯಲ್ಲಿ ಹಿಡಿದುಕೊಂಡು ಮರೆವ್ವ ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತಿದ್ದಳು.

ಕಟ್ಟೆ ಹತ್ತಲಿಲ್ಲ. ನಾನೂ ಹತ್ತಿ ಬನ್ನಿ ಎನ್ನಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಅಕ್ಕಾರ, ಇದ್ರಾಗ ನಿಮ್ಮ ಹೆಸರ ಐತಿ,” ಎಂದಳು. “ಟ್ಯಾಂಕಿಗಿ ಪುಡಿ ಸುರುವಿ ಸುಟ್ಟೇನಂತ. ನೀವು ನೋಡೀರಂತ. ಏನ ನೋಡಿದ್ರಿ?”

ಜಗಳದ ದನಿಯಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದಳು, ತನಗೇ ಗೊತ್ತಿಲ್ಲದ ಒಂದು ದಿನವನ್ನು ನಾನು ನೋಡಿರಬಹುದು ಎಂಬ ಹಾಗೆ. ಮಗಳು ಅಳುತ್ತಿದ್ದಾಳೆ ಎಂದು ಒಳಗೆ ಹೋದೆ. ಮಗಳು ಅಳುತ್ತಿರಲಿಲ್ಲ.

ಮರುದಿನ ಆಕೆಯ ಮನೆ ಹುಡುಕಿಕೊಂಡು ಹೋದೆ. ಆ ಮೇಲೆ ಎಷ್ಟೋ ಸಲ ಹೋದೆ. ಈಗ ಬರೆಯುತ್ತಿರುವುದು ಆಗೀಗ ಆಕೆ ಹೇಳಿದ್ದು, ನಾನು ಕೇಳಿ ಕೇಳಿ ತೆಗೆದದ್ದು.

ಮರೆವ್ವ ಹುಟ್ಟಿದ್ದು ಸಂಪಗಾಂವದಲ್ಲಿ. ಅಲ್ಲಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದಳು. ಈ ಊರಿಗೆ ಮದುವೆಯಾಗಿ ಬಂದಾಗ ಗಂಡ ಜಟ್ಟೆಪ್ಪ ಫಿಲ್ಟರಿನ ಕಟ್ಟಡಕ್ಕೆ ಕಲ್ಲು ಹೊರುತ್ತಿದ್ದ. ಕಟ್ಟಡ ಮುಗಿದ ಮೇಲೆ ಅದೇ ಕಟ್ಟಡಕ್ಕೆ ಕಾವಲುಗಾರನಾದ. ಎಲ್ಲಿಯದೋ ಕೆರೆಯ ನೀರು ಕುಡಿದು ಮೈ ಕಣ್ಣು ಹಳದಿಯಾಗಿ, ಕಾಮಣಿ ಹಿಡಿದು ಸತ್ತ. ಒಂಬತ್ತು ಊರಿಗೆ ಶುದ್ಧ ನೀರು ಕಾಯುವವನು ಕೆಟ್ಟ ನೀರಿನಿಂದ ಸತ್ತದ್ದನ್ನು ಆಕೆ ಎಂದೂ ವಿಚಿತ್ರವೆಂದು ಹೇಳಲಿಲ್ಲ. ಆದರೆ ಅವನ ಜಾಗಕ್ಕೆ ದಿನಗೂಲಿಯವಳಾಗಿ ಸೇರಿದ ಮೇಲೆ, ನೀರಿನ ವಿಷಯದಲ್ಲಿ ಆಕೆ ನನಗಿಂತ ದೊಡ್ಡ ಅಂಜುಬುರುಕಿಯಾದಳು. ಇಷ್ಟೇ ವ್ಯತ್ಯಾಸ: ನಾನು ಅಂಜಿ ಅರ್ಜಿ ಬರೆದೆ, ಆಕೆ ಅಂಜಿ ಕೆಲಸ ಮಾಡಿದಳು.

ಹದಿನೆಂಟು ವರ್ಷ ಆಕೆಯ ಪದ್ಧತಿ ಒಂದೇ. ಬ್ಲೀಚಿಂಗ್ ಪುಡಿಯನ್ನು ಬಕೀಟಿನಲ್ಲಿ ಗಂಟಿಲ್ಲದ ಹಾಗೆ ಕಲಕುವುದು, ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಹಾಕಿ ಬಿಡುವುದು, ಸುಣ್ಣದಂಥ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸಣ್ಣ ನಳದಿಂದ ಹನಿ ಹನಿಯಾಗಿ ಸೋಸಿದ ನೀರಿಗೆ ಬಿಡುವುದು. ಹೀಗೆ ಮಾಡಿದರೆ ನೀರಿಗೆ ಘಾಟು ಹತ್ತುವುದಿಲ್ಲ, ಗಸಿ ಟ್ಯಾಂಕಿನ ತಳ ಮುಟ್ಟುವುದಿಲ್ಲ. ವಾರಕ್ಕೆರಡು ಸಲ ಬಸ್ಸಿಗೆ ಹೋಗಿ ಒಂಬತ್ತನೆಯ ಊರಿನ ಕೊನೆಯ ಮನೆಯ ನಳದಿಂದ ಸಣ್ಣ ಗಾಜಿನ ನಳಿಕೆಗೆ ನೀರು ಹಿಡಿದು, ಔಷಧದ ಹನಿ ಹಾಕಿ, ಹಳದಿ ಬರುತ್ತದೋ ಎಂದು ನೋಡುತ್ತಿದ್ದಳು. ಇದನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ. ಕೊನೆಯ ನಳದಲ್ಲಿ ಹಳದಿ ಕಂಡರೆ, ಅಂದರೆ ಬ್ಲೀಚಿಂಗ್ ಅಲ್ಲಿಯವರೆಗೂ ಉಳಿದಿದ್ದರೆ, ನಡುವಿನವರೆಲ್ಲ ಸುಖವಾಗಿದ್ದಾರೆ ಎಂಬುದು ಆಕೆಯ ಲೆಕ್ಕ. ಆ ಕೊನೆಯ ಮನೆಯವರು ನಳಿಕೆ ತೊಳೆಯಲು ನೀರನ್ನು ಮೇಲಿನಿಂದ ಸುರಿಯುತ್ತಿದ್ದರಂತೆ, ಚರಗಿ ಕೈಗೆ ಕೊಡದೆ. ಆಕೆ ಬೆರೆಸಿದ ನೀರನ್ನು ಕುಡಿದುಕೊಂಡೇ.

ಹೊಸ ಟ್ಯಾಂಕು ಬಂದಾಗ ಗುತ್ತಿಗೆದಾರನ ಕಡೆಯ ಮೇಲ್ವಿಚಾರಕ ಬಾಳು ಮೊದಲು ಮಾಡಿದ ಕೆಲಸ ಡ್ರಮ್ಮನ್ನು ಹೊರಗೆ ಹಾಕಿಸಿದ್ದು. ಹಳೆಯ ನೀಲಿ ಡ್ರಮ್ಮು ಉದ್ಘಾಟನೆಯ ಫೋಟೋದಲ್ಲಿ ಹೊಲಸು ಕಾಣುತ್ತದೆ, ಇನ್ನು ಮುಂದೆ ಪುಡಿಯನ್ನು ನೇರ ಟ್ಯಾಂಕಿಗೇ ಹಾಕು, ಸ್ಟೀಲಿಗೆ ಏನೂ ಆಗುವುದಿಲ್ಲ ಎಂದು ಎಲ್ಲರೆದುರು ಹೇಳಿದ. ಮರೆವ್ವ, ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಮಳೆಗಾಲ ಮುಗಿಯುವುದರೊಳಗೆ ಸೂಜಿಮೊನೆಯಷ್ಟು ತೂತು ಬೀಳುತ್ತವೆ, ಅದಕ್ಕೇ ಎಲ್ಲರೂ ಚೀನಿ ಭರಣಿಯಲ್ಲಿ ಇಡುವುದು, ಈ ಪುಡಿ ಉಪ್ಪಿಗಿಂತ ಜೋರು ಎಂದಳಂತೆ. ಬಾಳು ನಕ್ಕು, ಇದು ಉಪ್ಪಿನಕಾಯಿ ಕಾರ್ಖಾನೆಯಲ್ಲ ಎಂದ. ಸುತ್ತಲಿನವರೂ ನಕ್ಕರು. ಆ ನಕ್ಕವರ ಪ್ರತಿ ಮನೆಯಲ್ಲೂ ಉಪ್ಪಿನಕಾಯಿ ಭರಣಿಯಲ್ಲೇ ಇದೆ. ನಮ್ಮ ಮನೆಯಲ್ಲೂ.

ಅದೇ ದಿನ ನೀರು ಸಮಿತಿಯ ಅಧ್ಯಕ್ಷ ನಿಜಗುಣಪ್ಪನವರು ಟ್ಯಾಂಕನ್ನು ಪರೀಕ್ಷೆ ಮಾಡಿದರು. ಯರಗಟ್ಟಿಯಲ್ಲಿ ಅವರದು ದೊಡ್ಡ ಭಾಂಡೆ ಅಂಗಡಿ. ಸುತ್ತಲಿನ ಊರುಗಳ ಮದುವೆಯ ಪಾತ್ರೆ ಪಡಗ ಎಲ್ಲ ಅಲ್ಲಿಂದಲೇ. ಅವರ ಗಲ್ಲೆಯ ಮೇಲೆ ದಾರದಲ್ಲಿ ಒಂದು ಅಯಸ್ಕಾಂತ ತೂಗುತ್ತಿರುತ್ತದೆ. ಗಿರಾಕಿ ತಾನೇ ಅದನ್ನು ಹಿಡಿದು ಪಾತ್ರೆಗೆ ತಾಗಿಸಬೇಕು. ಅಂಟಿದರೆ ಹಲಕಾ ಮಾಲು, ಅಂಟದಿದ್ದರೆ ಅಸಲಿ. ಮೂವತ್ತು ವರ್ಷದಿಂದ ಇಲ್ಲಿಯ ಹೆಣ್ಣುಮಕ್ಕಳು ಸ್ಟೀಲನ್ನು ಹೀಗೇ ನಂಬಿದ್ದಾರೆ. ಟ್ಯಾಂಕಿಗೆ ಪೂಜೆಯಾದ ಮೇಲೆ ನಿಜಗುಣಪ್ಪನವರು ಜೇಬಿನಿಂದ ಅಯಸ್ಕಾಂತ ತೆಗೆದು ಮೇಲಿನಿಂದ ಕೆಳಗಿನವರೆಗೆ ಎಳೆದರು. ಎಲ್ಲಿಯೂ ಅಂಟಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮಾಲು ಸರಿಯಾಗಿದೆ ಎಂದು ಅಲ್ಲೇ ಸಹಿ ಮಾಡಿಕೊಟ್ಟರು. ಇಂಜಿನಿಯರರೂ ಇನ್ನೊಂದು ಪರೀಕ್ಷೆ ಕೇಳಲಿಲ್ಲ. ನಾನೂ ಅಂದು ಚಪ್ಪಾಳೆ ತಟ್ಟಿದ್ದೆ.

ಮರೆವ್ವ ಡ್ರಮ್ಮನ್ನು ಕಾಂಪೌಂಡಿನ ಹಿಂದೆ ತಟ್ಟಿನ ಚೀಲ ಹೊದಿಸಿ ಇಟ್ಟುಕೊಂಡಳು. ಎರಡು ವರ್ಷ ಬಾಳುವಿನ ಕಣ್ಣು ತಪ್ಪಿಸಿ ಅದರಲ್ಲೇ ತಿಳಿ ಮಾಡಿ ಹೊತ್ತು ತಂದಳು. ಒಂದು ಹಿಡಿ ಪುಡಿಯನ್ನೂ ಟ್ಯಾಂಕಿಗೆ ಸುರಿಯಲಿಲ್ಲ. ಅಂದರೆ, ಯಾವ ಕೆಲಸ ಮಾಡೆಂದು ಬಾಳು ಬಾಯಿಮಾತಿನಲ್ಲಿ ಹುಕುಂ ಮಾಡಿದ್ದನೋ, ಯಾವುದನ್ನು ಆಕೆ ಮಾಡಲಿಲ್ಲವೋ, ಅದನ್ನು ಮಾಡಿದಳೆಂದು ಈಗ ಕೆಲಸದಿಂದ ತೆಗೆದಿದ್ದರು. ಇದನ್ನು ಮೊದಲ ಸಲ ಕೇಳಿದಾಗ, ನೀವು ಹೋಗಿ ಹೇಳಬೇಕಿತ್ತಲ್ಲ ಎಂದೆ.

“ಸುರುವಿಲ್ಲಂತ ಹೇಳಿದ್ರ, ಹೇಳಿದ ಮಾತ ಕೇಳಲಿಲ್ಲಂತ ತೆಗೀತಾರ,” ಎಂದಳು ಮರೆವ್ವ. “ಸುಮ್ಮನಿದ್ರ, ಸುರುವಿದ್ಲಂತ ತೆಗೀತಾರ. ಎರಡೂ ಕಡೆ ಬಾಗಲಾ ಅವರದ ಐತ್ರಿ.”

ಆಕೆಗೆ ಕೆಲಸ ಬೇಕಿತ್ತು, ಅದು ಸರಿ. ರಾಮದುರ್ಗಕ್ಕೆ ಕೊಟ್ಟ ಮಗಳು ದುರ್ಗಾ ತನ್ನಲ್ಲಿಗೆ ಬಂದಿರು ಎಂದು ಕರೆದಿದ್ದಳು. ಉಣ್ಣಲು ಉಡಲು ತೊಂದರೆ ಇರಲಿಲ್ಲ. ಆಕೆಯನ್ನು ಕೊರೆಯುತ್ತಿದ್ದುದು ಬೇರೆ. ಒಂಬತ್ತು ಊರಿನ ನೀರು ಕೆಡಿಸಿದವಳು ಎಂಬ ಮಾತು. ಅಂಗಡಿಗೆ ಹೋದರೆ, ಬಸ್ಸಿನಲ್ಲಿ ಕೂತರೆ ಆ ಮಾತು ಆಕೆಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತಿತ್ತು. ಆ ಮಾತನ್ನು ಅಳಿಸದೆ ರಾಮದುರ್ಗಕ್ಕೆ ಹೋದರೆ ಓಡಿಹೋದಂತೆ ಎಂದಳು.

ಹಾಗೆ ಮಾತಾಡುತ್ತ ಕೂತಾಗ ನನ್ನ ಮಗಳು ನೀರು ಕೇಳಿದಳು. ನಾನು ಕುದಿಸಿದ ನೀರಿನ ಬಾಟಲಿ ತಡಕುವಷ್ಟರಲ್ಲಿ ಮರೆವ್ವ ಒಳಗೆ ಹೋಗಿ, ಬುದ್ಧನ ಪಟದ ಕೆಳಗಿದ್ದ ಹರವಿಯ ಮುಚ್ಚಳ ತೆಗೆದು ನೀರು ತಂದು ಕುಡಿಸಿಯೇಬಿಟ್ಟಿದ್ದಳು. ಮಣ್ಣಿನ ಹರವಿಯ ತಣ್ಣನೆಯ ನೀರು. ಕೂಸು ಚಪ್ಪರಿಸಿ ಇನ್ನೊಮ್ಮೆ ಕೇಳಿತು. ನಮ್ಮ ಮನೆಯವರು ಆ ಓಣಿಯಲ್ಲಿ ನೀರು ಕುಡಿದದ್ದನ್ನು ನಾನು ಕೇಳಿಲ್ಲ. ನಾನೂ ಒಂದು ಲೋಟ ಕೇಳಿ ಕುಡಿದೆ. ಆಗ ಮುಚ್ಚಳದ ಮೇಲೆ ಕಣ್ಣು ಹೋಯಿತು.

ಊಟದ ತಾಟಿನಷ್ಟು ಅಗಲದ, ದಪ್ಪನೆಯ ಸ್ಟೀಲಿನ ಬಿಲ್ಲೆ. ಅಂಚಿನ ಸುತ್ತ ಕಂದು ಬಣ್ಣ, ನಡುವೆ ಸಾಸಿವೆ ಚೆಲ್ಲಿದಂತೆ ತುಕ್ಕಿನ ಚುಕ್ಕೆ. ಕೈಗೆತ್ತಿಕೊಂಡು ಇದೆಲ್ಲಿಯದು ಎಂದೆ. ಟ್ಯಾಂಕಿಗೆ ದೊಡ್ಡ ಪೈಪು ಕೂರಿಸಲು ಕೆಲಸಗಾರರು ಮೈಯನ್ನು ದುಂಡಗೆ ಕತ್ತರಿಸಿದ್ದರಂತೆ. ಬಿದ್ದ ತುಂಡನ್ನು ಕೇಳಿ ತಂದಿದ್ದಳು. ಎರಡು ವರ್ಷದಿಂದ ಹರವಿಯ ಮೇಲಿದೆ.

“ಇದಕ್ಕ ಎಂದರ ಬ್ಲೀಚಿಂಗ್ ತಾಗೇತೇನ್ರಿ?” ಎಂದು ಕೇಳಿದೆ.

“ಕುಡಿಯೂ ನೀರಿನ ಮ್ಯಾಲೆ ಯಾರರ ಆ ಪುಡಿ ಇಡತಾರೇನ್ರಿ,” ಎಂದವಳು, ಮಾತು ಮುಗಿಸುವ ಮೊದಲೇ ಬಿಲ್ಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. “ಹಂಗಾದ್ರ ಇದರ ಮೈನ ಖೊಟ್ಟಿ. ಮಾಲ ಅಸಲಿ ಅಲ್ಲ,” ಎಂದಳು.

ಮರುದಿನವೇ ಬೈಲಹೊಂಗಲಕ್ಕೆ ಹೋದೆವು. ಅಲ್ಲಿ ಬಸವಲಿಂಗ ಎಂಬವರು ಹೋಟೆಲುಗಳಿಗೆ ಸ್ಟೀಲಿನ ಟೇಬಲ್ಲು, ಡೇರಿಗಳಿಗೆ ಹಾಲಿನ ತೊಟ್ಟಿ ಮಾಡಿಕೊಡುತ್ತಾರೆ. ಬಿಲ್ಲೆಯನ್ನು ಕೈಯಲ್ಲಿ ಹೊರಳಿಸಿ ನೋಡಿ, ಒಂದು ಜಾಗ ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಬಾಟಲಿಯಿಂದ ಒಂದು ಹನಿ ಬಿಟ್ಟರು. ಚೌಕದ ಬ್ಯಾಟರಿಯೊಂದರ ತಂತಿಯನ್ನು ಹನಿಗೆ ಹಿಡಿದರು. ಎಣಿಸಿ ಹತ್ತು ಅಂಕಿಯೊಳಗೆ ಹನಿ ಕೆಂಪಗಾಯಿತು. ತಮ್ಮ ಅಂಗಡಿಯ ಒಳ್ಳೆಯ ತುಂಡಿನ ಮೇಲೂ ಹಾಗೇ ಮಾಡಿ ತೋರಿಸಿದರು. ಅದು ಕೆಂಪಾಗಲಿಲ್ಲ.

ಅವರು ಹೇಳಿದ್ದು ಇಷ್ಟು: ಒಳ್ಳೆಯ ಸ್ಟೀಲಿನಲ್ಲಿ ನಿಕಲ್ ಎಂಬ ದುಬಾರಿ ಲೋಹ ಸಾಕಷ್ಟು ಇರುತ್ತದೆ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಕಡಿಮೆ ದರದ ಸ್ಟೀಲಿನಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬುತ್ತಾರೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಹೊಳಪೂ ಒಂದೇ. ಸಾದಾ ಒಣ ಪಾತ್ರೆಗಾದರೆ ಬಾಳುತ್ತದೆ. ಹಗಲೂ ರಾತ್ರಿ ಕ್ಲೋರಿನ್ ಬೆರೆತ ನೀರು ನಿಲ್ಲುವ ಕಡೆ ಅದು ನಿಲ್ಲುವುದಿಲ್ಲ. ಬೆಸುಗೆಯ ಜಾಗದಿಂದ ತಿನ್ನಲು ಶುರುವಾಗಿ ಒಳಗೊಳಗೇ ತೂತು ಕೊರೆಯುತ್ತದೆ. ಪುಡಿಯನ್ನು ನೇರ ಸುರಿದರಂತೂ ಒಳ್ಳೆಯ ಸ್ಟೀಲೂ ಕೆಡುತ್ತದೆ.

“ಈಯಮ್ಮ ತಿಳಿ ಮಾಡಿ ಬಿಟ್ಟದ್ದಕ್ಕ ಎರಡ ವರ್ಷ ನಿಂತೇತಿ,” ಎಂದರು ಬಸವಲಿಂಗ. “ಅವ ಹೇಳಿದಂಗ ಸುರುವಿದ್ರ ಒಂದ ವರ್ಷದಾಗ ಸೋರತಿತ್ತು.”

ಇಷ್ಟನ್ನು ಬರೆದುಕೊಡಿ ಎಂದೆ. ಅವರ ಮುಖ ಬದಲಾಯಿತು. ಆ ಗುತ್ತಿಗೆದಾರನೇ ತಮಗೂ ಕೆಲಸ ಕೊಡುತ್ತಾನೆ, ಕಿತ್ತೂರಿನ ಕಡೆ ಒಂದು ಡೇರಿಯ ಕೆಲಸ ಕೈಯಲ್ಲಿದೆ ಎಂದರು. ತಮ್ಮ ಹೆಸರು ಎಲ್ಲೂ ಬರಬಾರದು, ಬೇಕಾದರೆ ಬಾಟಲಿ, ಬ್ಯಾಟರಿ ಒಯ್ಯಿರಿ ಎಂದು ಕಾಗದದಲ್ಲಿ ಸುತ್ತಿ ಕೊಟ್ಟರು. ಇಲ್ಲಿಯೂ ನಾನು ಬರೆದಿರುವುದು ಅವರ ನಿಜವಾದ ಹೆಸರಲ್ಲ. ಸತ್ಯ ಎಲ್ಲರಿಗೂ ಗೊತ್ತು, ಯಾರ ಹೆಸರಿಗೂ ಬೇಡ. ಬಸ್ಸಿನುದ್ದಕ್ಕೂ ನಾನು ಅವರನ್ನು ಬೈದೆ. ಮರೆವ್ವ ಬೈಯಲಿಲ್ಲ, ಬಾಟಲಿಯ ಬಿರಡೆ ಗಟ್ಟಿಯಾಗಿದೆಯೋ ಎಂದು ಎರಡು ಸಲ ನೋಡಿದಳು.

ನಾನು ಕಚೇರಿಗೆ ಹೋಗಿ ನನ್ನ ಅರ್ಜಿ ವಾಪಸು ಕೊಡಿ ಎಂದೆ. ಗುಮಾಸ್ತ ಲಗಮಪ್ಪನವರು ಒಳ್ಳೆಯ ಮನುಷ್ಯರೇ, ಕುರ್ಚಿ ಕೊಟ್ಟು ಮಗಳ ಕೈಗೆ ಬಿಸ್ಕೀಟು ಇಟ್ಟರು. ಆದರೆ ಕೊಟ್ಟ ದೂರನ್ನು ಹಿಂತೆಗೆದುಕೊಳ್ಳಲು ನಮೂನೆಯೇ ಇಲ್ಲ ಎಂದರು. ಒಬ್ಬ ಹೆಂಗಸಿನ ಅನ್ನ ಕಿತ್ತುಕೊಳ್ಳಲು ಬಿಳಿ ಹಾಳೆ ಸಾಕಾಗಿತ್ತು. ತಪ್ಪಾಯಿತು ಎನ್ನಲು ನಮೂನೆ ಬೇಕಂತೆ. ಬಿಳಿ ಹಾಳೆಯಲ್ಲೇ ಎರಡನೆಯ ಅರ್ಜಿ ಬರೆದೆ. ಇಪ್ಪತ್ತು ದಿನ ಅದು ಮಿಸುಕಲಿಲ್ಲ.

ಆ ಇಪ್ಪತ್ತು ದಿನ ನೀರು ನೋಡಿಕೊಂಡದ್ದು ಪಂಪಿನ ಕಾಡಪ್ಪ. ಪಾಪ, ಅವನಿಗೆ ಬಾಳು ಹೇಳಿದ್ದು ಒಂದೇ: ಸುರಿ. ಒಂದು ದಿನ ನಳ ಬಿಟ್ಟರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಇನ್ನೊಂದು ದಿನ ಬ್ಲೀಚಿಂಗಿನ ವಾಸನೆಯೇ ಇಲ್ಲ. ಮಗಳಿಗೆ ಎರಡು ಸಲ ಭೇದಿಯಾಯಿತು. ನೀರಿನಿಂದಲೋ ಹಲ್ಲು ಬರುವುದರಿಂದಲೋ ಡಾಕ್ಟರಿಗೂ ಹೇಳಲಾಗಲಿಲ್ಲ. ನಾನು ಒಲೆಯ ಮುಂದೆ ನೀರು ಕುದಿಸುತ್ತ ನಿಂತು, ಕೊನೆಯ ಊರಿನ ಕೊನೆಯ ನಳವನ್ನು ಈಗ ಯಾರು ನೋಡುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. ನನ್ನ ಕೂಸಿನ ನೀರಿಗೆ ಕಾವಲಿದ್ದ ಒಬ್ಬಳೇ ಒಬ್ಬಳನ್ನು ನಾನೇ ತೆಗೆಸಿದ್ದೆ.

ಕೊನೆಗೆ ಒಂಬತ್ತು ಊರಿನಿಂದ ದೂರು ಹೋಗಿ, ಇಂಜಿನಿಯರರು ಫಿಲ್ಟರಿಗೆ ಬಂದರು. ನಿಜಗುಣಪ್ಪನವರು, ಬಾಳು, ಐವತ್ತು ಅರವತ್ತು ಜನ ಸೇರಿದರು. ಇಂಜಿನಿಯರರು ಮರೆವ್ವನನ್ನು ನೋಡಿ ಸಲಿಗೆಯಿಂದಲೇ ಮಾತಾಡಿದರು. ತಿಳಿಯದೆ ಮಾಡಿದ ತಪ್ಪು, ಮಾಫಿ ಕೇಳಿ ಒಂದು ಮುಚ್ಚಳಿಕೆ ಬರೆದುಕೊಡು, ನಾಳೆಯಿಂದ ಕೆಲಸಕ್ಕೆ ಬಾ ಎಂದರು. ಜನ ತಲೆಯಾಡಿಸಿದರು. ದೊಡ್ಡವರು ದೊಡ್ಡ ಮನಸ್ಸು ಮಾಡಿದ್ದಾರೆ ಎಂದು ಯಾರೋ ಅಂದರು. ನನಗೆ ಮೈ ಉರಿದುಹೋಯಿತು.

“ಕೆಲಸ ಬೇಕ್ರಿ ಸಾಹೇಬ್ರ. ಮಾಡಲಾರದ್ದಕ್ಕ ಮಾಫಿ ಹೆಂಗ ಕೇಳ್ಲಿ?” ಎಂದಳು ಮರೆವ್ವ. ಆಮೇಲೆ, ಒಬ್ಬಳೇ ಹೋಗಿ ಕಾಂಪೌಂಡಿನ ಹಿಂದಿನಿಂದ ಡ್ರಮ್ಮನ್ನು ಉರುಳಿಸಿಕೊಂಡು ಬಂದು ಎಲ್ಲರ ನಡುವೆ ನಿಲ್ಲಿಸಿದಳು. ಎರಡು ವರ್ಷ ತಾನು ಮಾಡಿದ್ದನ್ನು ಹೇಳಿದಳು.

ಬಾಳು ಕೈ ತಟ್ಟಿ ನಕ್ಕ. ನೋಡಿರಿ, ಹೇಳಿದ ಮಾತು ಕೇಳಿಲ್ಲವೆಂದು ತಾನೇ ಒಪ್ಪಿಕೊಂಡಳು, ಇವಳು ಇಂಜಿನಿಯರರಿಗಿಂತ ಶಾಣೆ ಎಂದ. ಆಗ ನಾನು ಎದ್ದು ನಿಂತೆ. ಮಗಳು ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು. ಪುಡಿ ಸುರಿದದ್ದನ್ನು ನಾನು ನೋಡಿಲ್ಲ, ಸುಳ್ಳು ಬರೆದೆ ಎಂದೆ. ಜನರ ನಡುವೆ ಕೂತಿದ್ದ ಅತ್ತೆ ನೆಲ ನೋಡಿದರು. ಒಬ್ಬರು, ಓದಿದವರ ಹಣೆಬರಹವೇ ಇಷ್ಟು ಎಂದದ್ದು ಕೇಳಿತು.

ಮರೆವ್ವ ಬಿಲ್ಲೆಯನ್ನು ತಂದು ನಿಜಗುಣಪ್ಪನವರ ಮುಂದಿಟ್ಟಳು. ಟ್ಯಾಂಕಿನ ಪೈಪಿನ ಬಾಯಿಗೂ ಅದಕ್ಕೂ ಅಳತೆ ಸರಿಯಾಗಿತ್ತು. ಇದು ಬ್ಲೀಚಿಂಗಿನ ಮುಖ ನೋಡಿಲ್ಲ, ನನ್ನ ಹರವಿಯ ಮೇಲಿತ್ತು, ಇದಕ್ಕೂ ಜಂಗು ಹತ್ತಿದೆ ಎಂದಳು. ನಿಜಗುಣಪ್ಪನವರು ಅಭ್ಯಾಸಬಲದಿಂದ ಅಯಸ್ಕಾಂತ ತೆಗೆದು ತಾಗಿಸಿದರು. ಅಂಟಲಿಲ್ಲ. ಗೆದ್ದವರಂತೆ ತಲೆಯೆತ್ತಿದರು. ನಾನು ಹನಿ ಬಿಟ್ಟು ಬ್ಯಾಟರಿಯ ತಂತಿ ಹಿಡಿದೆ. ಕೆಂಪಗಾಯಿತು. ಅದರರ್ಥವನ್ನು ಹೇಳಿದೆ, ಬಸವಲಿಂಗರ ಹೆಸರು ಹೇಳದೆ. ನಿಜಗುಣಪ್ಪನವರು ನಂಬಲಿಲ್ಲ. ಬಾಟಲಿ, ಬ್ಯಾಟರಿ ಎರಡನ್ನೂ ಕಸಿದುಕೊಂಡು ತಾವೇ ಟ್ಯಾಂಕಿನ ಮೈಮೇಲೆ ಮೂರು ಕಡೆ ಹಾಕಿದರು. ಮೂರೂ ಕೆಂಪು. ಆಮೇಲೆ ತಮ್ಮ ಸ್ವಂತ ಚಹದ ಲೋಟ, ಅವರ ಅಂಗಡಿಯದೇ, ಅದರ ತಳಕ್ಕೂ ಒಂದು ಹನಿ ಹಾಕಿ ತಂತಿ ಹಿಡಿದರು. ಅದನ್ನು ಯಾರಿಗೂ ತೋರಿಸದೆ ಧೋತರದ ಸೆರಗಿನಲ್ಲಿ ಒರೆಸಿಕೊಂಡರು.

ಬಾಳು, ಅದೆಂಥ ಔಷಧವೋ ಏನೋ, ಪೇಟೆಯಿಂದ ಬಂದ ಹೆಂಗಸಿನ ಆಟ ಎಂದ.

“ಸುಮ್ಮನ ಕುಂದರೋ,” ಎಂದರು ನಿಜಗುಣಪ್ಪ. “ಮಾಲು ಬರೋಬ್ಬರಿ ಐತಂತ ಸಹಿ ಮಾಡಿದಾವ ನಾನು. ನನ್ನ ಮ್ಯಾಗ್ನೆಟ್ ನಂಬಿ ಮಾಡಿದ್ನಿ. ತಪ್ಪಾದ್ರ ಅದು ನಂದು, ಈಕಿದಲ್ಲ. ಬರಕೋರಿ ಸಾಹೇಬ್ರ.”

ಪೂರಾ ಮನಸ್ಸಿನಿಂದ ಹೇಳಿದರೆಂದು ನಾನು ಹೇಳಲಾರೆ. ಮರೆವ್ವನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಆದರೂ ಅಷ್ಟು ಜನರೆದುರು ಮೂವತ್ತು ವರ್ಷದ ವ್ಯಾಪಾರದ ನಂಬಿಕೆಯನ್ನು ತಾವೇ ಕೆಳಗಿಳಿಸಿದರು. ಇಂಜಿನಿಯರರು ಬರೆದುಕೊಳ್ಳಲಿಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತೇವೆ ಎಂದು ಬಿಲ್ಲೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅದು ಇಂದಿಗೂ ಪ್ರಯೋಗಾಲಯದಿಂದ ಬಂದಿಲ್ಲ. ಗುತ್ತಿಗೆದಾರನ ಮೇಲೆ ಏನು ಕ್ರಮವಾಯಿತೆಂದು ನಾನು ಐದು ಸಲ ಕೇಳಿದೆ. ವಿಚಾರಣೆಯಲ್ಲಿದೆ ಎಂಬ ಉತ್ತರ ಐದು ಸಲ ಬಂತು. ಬಾಳು ಈಗ ಬೇರೆ ಕಡೆಯ ಕೆಲಸ ನೋಡುತ್ತಿದ್ದಾನಂತೆ. ಅಲ್ಲಿಯೂ ಟ್ಯಾಂಕುಗಳು ಹೊಳೆಯುತ್ತಿರಬೇಕು.

ದೀಪಾವಳಿಯ ಮುಂದೆ ಮರೆವ್ವನಿಗೆ ಕಚೇರಿಯಿಂದ ಕರೆ ಬಂತು. ನಾನೂ ಹೋದೆ. ಮತ್ತೆ ಕೆಲಸಕ್ಕೆ ತೆಗೆದುಕೊಂಡ ಆದೇಶ ಸಿದ್ಧವಾಗಿತ್ತು. ಲಗಮಪ್ಪನವರು ಖುಷಿಯಿಂದಲೇ ಎರಡು ಪ್ರತಿ ಮುಂದಿಟ್ಟು, ಕಚೇರಿಯ ಪ್ರತಿಗೆ ಸಹಿ ಹಾಕು ಎಂದರು. ಮರೆವ್ವ ನನಗೆ ಓದಲು ಕೊಟ್ಟಳು. ‘ಸದರಿಯವರನ್ನು ಮಾನವೀಯ ನೆಲೆಯಲ್ಲಿ ಕೆಲಸಕ್ಕೆ ಪುನಃ ತೆಗೆದುಕೊಳ್ಳಲಾಗಿದೆ’ ಎಂದಿತ್ತು. ಟ್ಯಾಂಕಿನ ಮಾತಿಲ್ಲ. ಆರೋಪ ಸ್ಪಷ್ಟವಾಗಿ ಬಿದ್ದುಹೋಯಿತೆಂಬ ಮಾತಿಲ್ಲ. ನಿಜಗುಣಪ್ಪನವರು ಹೇಳಿದ್ದಿಲ್ಲ. ಅಷ್ಟೇಕೆ, ನನ್ನ ಎರಡನೆಯ ಅರ್ಜಿಯ ಉಲ್ಲೇಖವೂ ಇರಲಿಲ್ಲ. ಮೊದಲನೆಯದು ಮಾತ್ರ ತಾರೀಖಿನ ಸಮೇತ ಇತ್ತು.

‘ಮಾನವೀಯ ನೆಲೆ’ ಎಂದರೇನು ಎಂದು ಮರೆವ್ವ ಕೇಳಿದಳು. ದಯೆ ತೋರಿಸಿ ಎಂದ ಹಾಗೆ, ಎಂದೆ.

“ದಯಾ ಯಾರ ಕೇಳಿದ್ರು?” ಎಂದಳು.

ಲಗಮಪ್ಪನವರು ಸಮಾಧಾನ ಮಾಡಿದರು. ಅದು ಕಚೇರಿಯ ಭಾಷೆ, ಎಲ್ಲದಕ್ಕೂ ಹಾಗೇ ಬರೆಯುತ್ತಾರೆ, ಕೆಲಸ ಬಂತಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ನಾನು ಜಗಳಕ್ಕೆ ನಿಂತೆ, ಮೇಲಿನವರನ್ನು ಕಾಣಬೇಕು ಎಂದೆ. ಮೇಲಿನವರು ಮೀಟಿಂಗಿಗೆ ಹೋಗಿದ್ದರು. ನಾನು ಹೀಗೆ ಕೂಗಾಡುತ್ತಿರುವಾಗ ಮರೆವ್ವ ಕುರ್ಚಿ ಎಳೆದುಕೊಂಡು ಕೂತು, ಲಗಮಪ್ಪನವರ ಪೆನ್ನು ಕೈಗೆ ತೆಗೆದುಕೊಂಡಿದ್ದಳು. ಸಹಿ ಹಾಕುವ ಜಾಗಕ್ಕಿಂತ ಮೇಲೆ, ಖಾಲಿ ಬಿಟ್ಟ ಕಡೆ, ನಾಲ್ಕನೆಯ ಇಯತ್ತೆಯ ದಪ್ಪ ಅಕ್ಷರಗಳಲ್ಲಿ ಒತ್ತಿ ಒತ್ತಿ ಬರೆಯತೊಡಗಿದಳು. ಒಡೆದ ಬೆರಳಿಗೆ ಪೆನ್ನು ಸರಿಯಾಗಿ ನಿಲ್ಲುತ್ತಿರಲಿಲ್ಲ.

“ಏ, ಆದೇಶದ ಮ್ಯಾಲೆ ಹಂಗೆಲ್ಲಾ ಬರಿಬಾರದವಾ,” ಎಂದು ಲಗಮಪ್ಪನವರು ಕಾಗದ ಎಳೆಯಲು ಹೋದರು. ಆಕೆ ಎಡಗೈಯನ್ನು ಕಾಗದದ ಮೇಲೆ ಅಗಲಿಸಿ ಇಟ್ಟು ಬರೆದು ಮುಗಿಸಿದಳು. ‘ನಾನು ಪುಡಿ ಸುರುವಿಲ್ಲ. ಟ್ಯಾಂಕ ಖೊಟ್ಟಿ ಇತ್ತು.’ ಅದರ ಕೆಳಗೆ ಹೆಸರು ಬರೆದು ಗೆರೆ ಎಳೆದಳು.

ಲಗಮಪ್ಪನವರು ಆ ಹಾಳೆಯನ್ನು ಎತ್ತಿ ಓದಿದರು. ಹೊಸ ಪ್ರತಿ ಟೈಪು ಮಾಡಿಸಿ ತರುವುದಕ್ಕೆ ಮತ್ತೆ ಸಾಹೇಬರ ಸಹಿ ಬೇಕು, ಸಾಹೇಬರು ಇನ್ನು ಸೋಮವಾರವೇ ಬರುವುದು ಎಂದು ತಮಗೆ ತಾವೇ ಹೇಳಿಕೊಂಡರು. ನೀರಿನ ಗಲಾಟೆ ಇನ್ನೂ ನಿಂತಿರಲಿಲ್ಲ, ಕೆಲಸಕ್ಕೆ ಆಕೆ ನಾಳೆಯೇ ಬೇಕಿತ್ತು. ಕೊನೆಗೆ ಹಾಳೆಗೆ ತೂತು ಹೊಡೆದು, ದಾರ ಪೋಣಿಸಿ, ಕಡತಕ್ಕೆ ಸೇರಿಸಿದರು.